ತಣ್ಣಗೆ ತಿನ್ನಲೊಲ್ಲದ ಬಾಯಮ್ಮ

ಡಬ್ಬಿಯ ಮುಚ್ಚಳ ಎಳೆದ ಕೂಡಲೇ ಬರುವ ವಾಸನೆ ಅದಲ್ಲ. ಅದು ಬರೀ ಉಪ್ಪು ಮತ್ತು ತಗಡಿನದು. ಮಾಂಸದ ಹೋಳುಗಳನ್ನು ಕಾವಲಿಗೆ ಹಾಕಿ, ಮೊದಲ ಹೋಳಿನ ಅಂಚು ಕಂದು ಬಣ್ಣಕ್ಕೆ ತಿರುಗುವ ಹೊತ್ತಿಗೆ ಇನ್ನೊಂದು ವಾಸನೆ ಏಳುತ್ತದೆ. ತೆಂಗಿನೆಣ್ಣೆಯೂ ಕೊಬ್ಬೂ ಸೇರಿ ತುಸು ಸಿಹಿಯಾದದ್ದು. ಈ ಭಾನುವಾರ ಬೆಳಿಗ್ಗೆ ಚೆನ್ನೈಯ ಗಿಂಡಿಯಲ್ಲಿರುವ ನನ್ನ ಬಾಡಿಗೆ ಮನೆಯಲ್ಲಿ ಅದು ಎದ್ದಾಗ ನಾನು ಸಟ್ಟುಗ ಹಿಡಿದುಕೊಂಡು ಸುಮ್ಮನೆ ನಿಂತೆ. ಅಡ್ಯಾರಿನ ಆ ಹಳೆಯ ಕಟ್ಟಡ, ಅಡುಗೆಮನೆಗಳ ಕಿಟಕಿಗಳೆಲ್ಲ ತೆರೆದುಕೊಳ್ಳುತ್ತಿದ್ದ ಕಿರಿದಾದ ಗಾಳಿಗಂಡಿ, ನಮ್ಮ ತಲೆಯ ಮೇಲೆ ಯಾರೋ ಕಿಟಕಿಯ ಚಿಲಕ ಸರಿಸಿದ ಸದ್ದು...

ಮೊದಲೇ ಹೇಳಿಬಿಡುತ್ತೇನೆ. ನಾನು ಮಾಂಸ ತಿನ್ನದ ಮನೆಯಲ್ಲಿ ಹುಟ್ಟಿದವಳು. ಯಾವಾಗ, ಯಾಕೆ ತಿನ್ನಲು ಶುರು ಮಾಡಿದೆ ಎಂಬುದು ನನ್ನ ಖಾಸಗಿ ವಿಷಯ. ಅಮ್ಮನಿಗೆ ಗೊತ್ತಿದೆ, ಅಷ್ಟು ಸಾಕು. ಈ ಮನೆಯನ್ನು ಬಾಡಿಗೆಗೆ ಕೊಡುವಾಗ ಮಾಲೀಕರು, ನೀವು ವೆಜಿಟೇರಿಯನ್ ತಾನೇ ಎಂದು ಕೇಳಿದ್ದರು. ಆಮೇಲೆ ನನ್ನ ಹೆಸರು, ಅಪ್ಪನ ಊರು, ಅಪ್ಪನ ಕೆಲಸ ಕೇಳಿ ಉತ್ತರವನ್ನೂ ತಾವೇ ಕೊಟ್ಟುಕೊಂಡರು. ನಾನು ಹೌದು ಎನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ. ಚೆನ್ನೈಯಲ್ಲಿ ಒಂಟಿ ಹೆಣ್ಣಿಗೆ ಮನೆ ಹುಡುಕಿದವರಿಗೆ ಆ ಮೌನ ಅರ್ಥವಾಗುತ್ತದೆ.

ಕಾವಲಿ ಮಾತ್ರ ನನ್ನದಲ್ಲ. ಅದು ಬಾಯಮ್ಮನದು.

ನಾವು ಅಡ್ಯಾರಿನ ಕಟ್ಟಡಕ್ಕೆ ಹೋದಾಗ ನಾನಿನ್ನೂ ಚಿಕ್ಕವಳು. ಅಪ್ಪ ಉಡುಪಿ ಕಡೆಯವರ ಸಸ್ಯಾಹಾರಿ ಹೋಟೆಲೊಂದರಲ್ಲಿ ಅಡುಗೆಯ ಮೇಲ್ವಿಚಾರಣೆ ನೋಡಿಕೊಳ್ಳುತ್ತಿದ್ದರು. ಮನೆ ಹೋಟೆಲಿನ ಧಣಿಗಳದ್ದು. ಅವರು ಇರು ಎಂದಿದ್ದರಿಂದ ನಾವು ಇದ್ದೆವು. ಬಾಯಮ್ಮ ನಮ್ಮ ನೇರ ಮೇಲಿನ ಮನೆಯವರು, ನಮಗಿಂತ ಎಷ್ಟೋ ಮೊದಲೇ ಅಲ್ಲಿ ಬಾಡಿಗೆಗೆ ಬಂದವರು. ನಮ್ಮ ಊರ ಕಡೆ ಕ್ರಿಶ್ಚಿಯನ್ ಹೆಂಗಸರನ್ನು ಬಾಯಮ್ಮ ಎಂದೇ ಕರೆಯುವುದು. ಅಮ್ಮ ಹಾಗೆ ಕರೆದಳು, ನಾನೂ ಕರೆದೆ. ಅವರ ನಿಜವಾದ ಹೆಸರು ನನಗೆ ತಿಳಿದದ್ದು ಬಹಳ ತಡವಾಗಿ, ಒಂದು ಕಲ್ಲಿನ ಮೇಲೆ ಓದಿ. ಅದನ್ನು ಇಲ್ಲಿ ಬರೆಯುವುದಿಲ್ಲ.

ಎತ್ತರದ, ಎಲುಬು ಕಾಣುವ ಮೈ. ಹತ್ತಿರದ ಶಾಲೆಯಲ್ಲಿ ಹೊಲಿಗೆ ಕಲಿಸುತ್ತಿದ್ದರು. ಮಂಗಳೂರಿನವರು. ಆ ಕಟ್ಟಡದಲ್ಲಿ ಅಮ್ಮನ ಜೊತೆ ಕನ್ನಡ ಮಾತಾಡುವವರು ಅವರೊಬ್ಬರೇ. ನಾನು ಶಾಲೆಯ ಅಭ್ಯಾಸದಿಂದ ತಮಿಳಿನಲ್ಲಿ ಉತ್ತರ ಕೊಟ್ಟರೆ ಕಿವಿಯ ಹಿಂದೆ ಕೈ ಇಟ್ಟುಕೊಂಡು, "ಎಂತ ಹೇಳಿದೆ? ಸ್ಟೇಷನ್ ತಪ್ಪಿದೆ ನೋಡು, ತಿರುಗಿಸು," ಎನ್ನುತ್ತಿದ್ದರು, ನಾನೊಂದು ರೇಡಿಯೋ ಎಂಬ ಹಾಗೆ. ನನ್ನ ಕನ್ನಡ ಇಷ್ಟಾದರೂ ಉಳಿದದ್ದು ಹಾಗೆ ತಿರುಗಿಸಿ ತಿರುಗಿಸಿ.

ಅವರ ಗಂಡ ಸರಕು ಹಡಗಿನಲ್ಲಿ ಅಡುಗೆಯವರಾಗಿದ್ದರು. ನಾವು ಹೋಗುವ ಮೊದಲೇ ತೀರಿಕೊಂಡಿದ್ದರು. ನಿನ್ನಪ್ಪನಿಗೆ ಹೋಟೆಲು, ನಮ್ಮವರಿಗೆ ಹಡಗು, ಇಬ್ಬರಿಗೂ ಊರವರ ಹೊಟ್ಟೆಯದ್ದೇ ಚಿಂತೆ, ಮನೆಯವರದ್ದು ಕೇಳುವವರಿಲ್ಲ ಎಂದು ನಗುತ್ತಿದ್ದರು. ಆದರೆ ರಜೆಗೆ ಮನೆಗೆ ಬರುವಾಗ ಗಂಡ ಮಾಂಸದ ಡಬ್ಬಿಗಳನ್ನು ತರುತ್ತಿದ್ದರಂತೆ. ಹಂದಿಮಾಂಸ, ನುಣ್ಣಗೆ ಅರೆದು ಅಚ್ಚಿಗೆ ಒತ್ತಿ ತುಂಬಿದ್ದು. ಅವರು ಹೋದ ಮೇಲೂ ಡಬ್ಬಿ ಬರುವುದು ನಿಲ್ಲಲಿಲ್ಲ. ಜೊತೆಯವರ ಹಡಗು ಚೆನ್ನೈ ಬಂದರಿಗೆ ಬಂದಾಗಲೆಲ್ಲ ಯಾರಾದರೊಬ್ಬರು ಮೆಟ್ಟಿಲು ಹತ್ತಿ ಬಂದು, ಚಹಾ ಕುಡಿದು, ಡಬ್ಬಿ ಇಟ್ಟು ಹೋಗುತ್ತಿದ್ದರು. ಬಾಯಮ್ಮ ಅವನ್ನು ಅಡುಗೆಮನೆಯಲ್ಲಿ ಇಡುತ್ತಿರಲಿಲ್ಲ. ಹಾಲ್‌ನ ಕಪಾಟಿನಲ್ಲಿ, ಯೇಸುವಿನ ಪಟದ ಕೆಳಗೆ, ಗಂಡನ ಫೋಟೋದ ಎರಡೂ ಪಕ್ಕಕ್ಕೆ.

ಭಾನುವಾರ ಬೆಳಗಿನ ಪೂಜೆ ಮುಗಿಸಿ ಇಗರ್ಜಿಯಿಂದ ಬಂದ ಮೇಲೆ ಒಂದು ಡಬ್ಬಿ ಒಡೆಯುತ್ತಿದ್ದರು. ಆಗಿನ ಡಬ್ಬಿಯ ಬುಡಕ್ಕೆ ಒಂದು ಪುಟ್ಟ ಕೀಲಿ ಅಂಟಿಕೊಂಡಿರುತ್ತಿತ್ತು. ತಗಡಿನ ಚಿಕ್ಕ ನಾಲಗೆಯನ್ನು ಅದರ ತೂತಿಗೆ ಸಿಕ್ಕಿಸಿ ಸುತ್ತುತ್ತ ಹೋದರೆ ಡಬ್ಬಿಯ ಸುತ್ತ ಒಂದು ಪಟ್ಟಿಯೇ ಬಿಚ್ಚಿಕೊಳ್ಳುತ್ತಿತ್ತು. ಆ ಕೆಲಸ ಮಾತ್ರ ನನಗೆ ಕೊಡುತ್ತಿದ್ದರು. ಉಳಿದದ್ದನ್ನು ನಾನು ಅಡುಗೆಮನೆಯ ಬಾಗಿಲಲ್ಲಿ ಸ್ಟೂಲಿನ ಮೇಲೆ ಕುಳಿತು ನೋಡುವುದು.

ಮಾಂಸದ ಮೇಲಿನ ಲೋಳೆಯನ್ನು ಹಳೆಯ ತೆಳು ಮಲ್ಲು ಬಟ್ಟೆಯಿಂದ ಒರೆಸಿ, ಕತ್ತಿಯನ್ನು ಬಿಸಿನೀರಿಗೆ ಅದ್ದಿ ತೆಳ್ಳಗೆ ಹೋಳು ಮಾಡುತ್ತಿದ್ದರು. ಹೋಳುಗಳನ್ನು ಬಟ್ಟೆಯ ಮೇಲೆ ಹರಡಿ ಫ್ಯಾನಿನ ಕೆಳಗಿಟ್ಟು ಒಣಗಲು ಬಿಟ್ಟು, ಅಷ್ಟರಲ್ಲಿ ಸೀರೆ ಬದಲಾಯಿಸಿ ಬರುತ್ತಿದ್ದರು. ನೀರಿನಂಶ ಇದ್ದರೆ ಅದು ಬೇಯುತ್ತದೆ, ಕಾಯುವುದಿಲ್ಲ ಎನ್ನುವುದು ಅವರ ಲೆಕ್ಕ. ಮೀನಾಗಲಿ ಮಾಂಸವಾಗಲಿ, ಎಣ್ಣೆಯಲ್ಲಿ ಗರಿಗರಿಯಾಗುವಂತೆ ಹುರಿಯುವುದಕ್ಕೆ ನಮ್ಮ ಕಡೆ ಕಾಯಿಸುವುದು ಎಂದೇ ಹೇಳುತ್ತಾರೆ. ಕಬ್ಬಿಣದ ಕಾವಲಿ ಚೆನ್ನಾಗಿ ಕಾದ ಮೇಲೆ ಒಂದೇ ಚಮಚ ತೆಂಗಿನೆಣ್ಣೆ. ಆಮೇಲೆ ಕೊಬ್ಬು ತಾನೇ ಕರಗಿ ಬರುತ್ತದೆ. ಹೋಳುಗಳು ಒಂದಕ್ಕೊಂದು ತಾಗಬಾರದು. ನಾನು ಒಮ್ಮೆ, ಸೀಯುತ್ತದೆ, ಮಗುಚಿ ಹಾಕಿ ಎಂದು ಅವಸರ ಮಾಡಿದೆ.

"ಅದು ತಾನಾಗಿಯೇ ಕಾವಲಿ ಬಿಡ್ತದೆ ಮಗಾ," ಅಂದರು. "ಅದಕ್ಕಿಂತ ಮೊದ್ಲು ನೀನು ಕೆರೆದು ಎಬ್ಬಿಸಿದ್ರೆ ಗರಿಗರಿ ಎಲ್ಲ ಕಾವಲಿಗೆ, ನಿನಗೆ ಬರೀ ಮುದ್ದೆ."

ನಾನು ಇಷ್ಟೆಲ್ಲ ನೋಡುತ್ತ ಕುಳಿತರೂ ಅವರು ನನಗೆ ಒಂದು ಚೂರೂ ಕೊಟ್ಟವರಲ್ಲ. ಬಾಳೆಹಣ್ಣು ಕೊಡುತ್ತಿದ್ದರು, ಬಿಸ್ಕೆಟ್ ಕೊಡುತ್ತಿದ್ದರು. ಕೇಳಿದರೆ, ನಿನ್ನಮ್ಮನ ನೇಮ ಮೆಟ್ಟಿಲ ಕೆಳಗೇ ಉಳಿಯೂದಿಲ್ಲ, ನಿನ್ನ ಜೊತೆ ಮೇಲೆಯೂ ಬರ್ತದೆ ಎನ್ನುತ್ತಿದ್ದರು. "ದೊಡ್ಡವಳಾಗು. ಆಮೇಲೆ ನೀನುಂಟು, ನಿನ್ನ ನಾಲಗೆ ಉಂಟು."

ಆ ಮಾಂಸವನ್ನು ಅವರು ತಿನ್ನುತ್ತಿದ್ದದ್ದು ಅಮ್ಮನ ಇಡ್ಲಿಯ ಜೊತೆ. ಪ್ರತಿ ಭಾನುವಾರ ಅಮ್ಮ ಒಂದು ಸ್ಟೀಲ್ ಡಬರಿಯಲ್ಲಿ ಇಡ್ಲಿ ಇಟ್ಟು ನನ್ನ ಕೈಯಲ್ಲಿ ಮೇಲಕ್ಕೆ ಕಳುಹಿಸುತ್ತಿದ್ದಳು. ಅದು ಯಾವುದರ ಜೊತೆ ಹೋಗುತ್ತದೆ ಎಂದು ಅಮ್ಮನಿಗೆ ಗೊತ್ತಿತ್ತು, ಎಂದೂ ಕೇಳಲಿಲ್ಲ. ಪಾತ್ರೆಯನ್ನು ಖಾಲಿಯಾಗಿ ಹಿಂದಿರುಗಿಸುವ ಪದ್ಧತಿ ನಮ್ಮಲ್ಲೂ ಇಲ್ಲ, ಅವರಲ್ಲೂ ಇಲ್ಲ. ಆದರೆ ಅವರ ಮನೆಯಲ್ಲಿ ಬೆಂದದ್ದು ನಮ್ಮ ಮನೆಗೆ ಆಗದು. ಹಾಗಾಗಿ ಡಬರಿ ತೊಳೆದು, ಒರೆಸಿ, ಬೇಯಿಸದ ಏನನ್ನಾದರೂ ಹಾಕಿ ಕೊಡುತ್ತಿದ್ದರು. ನಿಂಬೆಹಣ್ಣು, ಕರಿಬೇವಿನ ಕಡ್ಡಿ, ಬಾಲ್ಕನಿಯ ಕುಂಡದ ಮಲ್ಲಿಗೆ. ಅಮ್ಮ ಅದಕ್ಕೆ ಇನ್ನೊಮ್ಮೆ ನೀರು ಚಿಮುಕಿಸಿ ಒಳಗಿಡುತ್ತಿದ್ದಳು. ಇಬ್ಬರಿಗೂ ಇದರಲ್ಲಿ ಅವಮಾನವೇನೂ ಕಾಣಲಿಲ್ಲ. ಮಾಂಸದ ವಾಸನೆ ಗಾಳಿಗಂಡಿಯಿಂದ ಇಳಿದಾಗ ಅಮ್ಮ ನಮ್ಮ ಕಿಟಕಿ ಮುಚ್ಚಿ ಊದುಬತ್ತಿ ಹಚ್ಚುತ್ತಿದ್ದಳು. ಅಷ್ಟೇ.

ನಾನು ಹೈಸ್ಕೂಲಿನಲ್ಲಿದ್ದಾಗ ಕಟ್ಟಡದ ಸಂಘಕ್ಕೆ ಹೊಸ ಕಾರ್ಯದರ್ಶಿ ಬಂದರು. ನಿವೃತ್ತ ಅಧಿಕಾರಿ, ಮಾತು ಮೆಲ್ಲಗೆ, ಶರ್ಟಿಗೆ ಯಾವಾಗಲೂ ಇಸ್ತ್ರಿ. ಅವರು ಬಂದ ಕೆಲವೇ ದಿನಗಳಲ್ಲಿ ನೀರಿನ ಮೋಟರಿನ ಸ್ವಿಚ್ ಪಕ್ಕದಲ್ಲಿ ಒಂದು ಸೂಚನೆ ಅಂಟಿತು: ಇನ್ನು ಮುಂದೆ ಈ ಕಟ್ಟಡದಲ್ಲಿ ಮಾಂಸ, ಮೀನು ಬೇಯಿಸುವಂತಿಲ್ಲ. ಹೆಚ್ಚಿನ ಮನೆಗಳಿಗೆ ಅದರಿಂದ ವ್ಯತ್ಯಾಸವಾಗಲಿಲ್ಲ. ವ್ಯತ್ಯಾಸವಾದವರು ದಾರಿ ಕಂಡುಕೊಂಡರು. ನಮ್ಮ ಮಹಡಿಯ ಕೊನೆಯ ಮನೆಯವರು ಭಾನುವಾರ ಬಿರಿಯಾನಿಯನ್ನು ಲೈಬ್ರರಿ ಪುಸ್ತಕದ ಹಾಗೆ ಬಟ್ಟೆಚೀಲದಲ್ಲಿ ಎದೆಗೊತ್ತಿಕೊಂಡು ತರುತ್ತಿದ್ದರು.

ಬಾಯಮ್ಮ ಮೀನಿಗೆ ಮೊದಲಿನಿಂದಲೂ ಮೀನುಗಾರಿಕೆ ಬಂದರಿನ ಪಕ್ಕದ ಕಾಸಿಮೇಡಿನಲ್ಲಿದ್ದ ತಂಗಿಯ ಮನೆಗೇ ಹೋಗುತ್ತಿದ್ದರು. ಅವರ ಅಡುಗೆಮನೆಯಲ್ಲಿ ಕಾಯುತ್ತಿದ್ದದ್ದು ಭಾನುವಾರದ ಡಬ್ಬಿ ಮಾತ್ರ. ಸೂಚನೆ ಬಂದ ಮೇಲಿನ ಭಾನುವಾರ ನಾವೆಲ್ಲ, ಏನು ಮಾಡುತ್ತಾರೋ ಎಂದು ಕಿವಿಗೊಟ್ಟು ಕುಳಿತಿದ್ದೆವು. ಮೇಲೆ ಚಿಲಕ ಸರಿದ ಸದ್ದು. ಯಾವತ್ತೂ ಅರ್ಧ ತೆರೆದಿರುತ್ತಿದ್ದ ಕಿಟಕಿಯ ಎರಡೂ ಬಾಗಿಲು ಗೋಡೆಗೆ ಬಡಿದವು. ಆಮೇಲೆ ಆ ವಾಸನೆ ಇಳಿಯಿತು.

ಅವತ್ತು ಡಬರಿ ಹಿಂದಿರುಗಿಸಲು ಅವರೇ ಕೆಳಗೆ ಬಂದರು. ಅಮ್ಮ ಬಾಗಿಲಲ್ಲೇ ದನಿ ತಗ್ಗಿಸಿ, ಕಿಟಕಿ ಮುಚ್ಚಿಕೊಂಡಾದರೂ ಮಾಡಬಾರದಾ, ಯಾರಿಗೂ ಗೊತ್ತಾಗುವುದಿಲ್ಲ ಎಂದಳು.

"ಮುಚ್ಚಿಕೊಂಡು ಮಾಡಿದ್ರೆ ಕದ್ದ ಹಾಗೆ ಆಗ್ತದೆ ಅಕ್ಕ," ಅಂದರು ಬಾಯಮ್ಮ. ಅವರ ದನಿ ತಗ್ಗಲಿಲ್ಲ. "ನಾನು ಕದ್ದದ್ದಲ್ಲ."

ಇದಾಗಿ ಸ್ವಲ್ಪ ಸಮಯಕ್ಕೆ, ಮಳೆ ಶುರುವಾದ ಮೇಲೆ, ನಮ್ಮ ಮನೆಯಲ್ಲಿ ಪತ್ರೊಡೆ ಮಾಡಿದ ಭಾನುವಾರ ಬಂತು. ಅಪ್ಪ ಎಲ್ಲಿಂದಲೋ ಕೆಸುವಿನ ಎಲೆ ತಂದಿದ್ದರು. ಅಕ್ಕಿ ಮಸಾಲೆ ಸವರಿ ಸುತ್ತಿ, ಹಬೆಯಲ್ಲಿ ಬೇಯಿಸಿ, ಆರಿದ ಮೇಲೆ ಹೋಳು ಮಾಡಿ ಅಮ್ಮ ತೆಂಗಿನೆಣ್ಣೆಯಲ್ಲಿ ಕಾಯಿಸುತ್ತಿದ್ದಳು. ಬಾಗಿಲು ಬಡಿದ ಸದ್ದಾಯಿತು. ಕಾರ್ಯದರ್ಶಿ ಮತ್ತು ಸಂಘದ ಇನ್ನೊಬ್ಬರು. ವಾಸನೆ ಹಿಡಿದು ಮೊದಲು ಮೇಲೆ ಹೋಗಿದ್ದಾರೆ, ಅಲ್ಲಿ ಬೀಗ. ಬಾಯಮ್ಮ ತಂಗಿಯ ಮನೆಯ ಯಾವುದೋ ಸಮಾರಂಭಕ್ಕೆ ಹಿಂದಿನ ದಿನವೇ ಕಾಸಿಮೇಡಿಗೆ ಹೋಗಿದ್ದರು. ವಾಸನೆ ಮಾತ್ರ ನಿಂತಿಲ್ಲ. ಅದನ್ನೇ ಹಿಂಬಾಲಿಸಿ ನಮ್ಮ ಬಾಗಿಲಿಗೆ ಬಂದಿದ್ದರು.

ಅಮ್ಮ ಕೈಯಲ್ಲಿ ಸಟ್ಟುಗ ಹಿಡಿದೇ ಬಾಗಿಲು ತೆರೆದಳು. ಕಾರ್ಯದರ್ಶಿ ಅವಳ ಭುಜದ ಮೇಲಿಂದ ಒಳಗೆ ಇಣುಕಿದರು. ಒಲೆಯ ಪಕ್ಕದ ತಟ್ಟೆಯಲ್ಲಿ ಪತ್ರೊಡೆ ಹೋಳುಗಳು. ಕಂದು ಅಂಚು, ಒಳಗೆ ಕಪ್ಪು ಕೆಂಪು ಸುರುಳಿ, ಮೇಲೆ ಎಣ್ಣೆಯ ಹೊಳಪು. ಅವರ ಮುಖ ನಿಜವಾಗಿಯೂ ನೊಂದಿತು.

"ಮಾಮಿ," ಅಂದರು. "ನೀವೂನಾ?"

ಅಮ್ಮನ ತಮಿಳು ತರಕಾರಿಯವನ ಹತ್ತಿರ ಚೌಕಾಸಿ ಮಾಡುವಷ್ಟು. ಅವರ ಮಾತು ಅರ್ಥವಾಗಲು ಅವಳಿಗೆ ಒಂದು ಗಳಿಗೆ ಬೇಕಾಯಿತು. ಅರ್ಥವಾದ ಮೇಲೆ, "ಅದು ಎಲೆ ಸಾರ್. ಸೇಪಂಕಿಳಂಗು ಎಲೆ," ಎಂದು ಕೆಸುವಿನ ತಮಿಳು ಹೆಸರು ಹೇಳಿ ತಟ್ಟೆಯನ್ನೇ ತಂದು ಮುಂದೆ ಹಿಡಿದಳು. ಕಾರ್ಯದರ್ಶಿ ಒಂದು ಹೆಜ್ಜೆ ಹಿಂದೆ ಸರಿದರು. ಜೊತೆಗೆ ಬಂದವರು ಒಂದು ಹೋಳು ತಿಂದು, ಸ್ವಲ್ಪ ಯೋಚಿಸಿ, ಖಚಿತಪಡಿಸಿಕೊಳ್ಳುವವರ ಹಾಗೆ ಇನ್ನೊಂದು ತೆಗೆದುಕೊಂಡರು.

ಅವರು ಹೋದ ಮೇಲೆ ನಾನು ಬಿದ್ದು ಬಿದ್ದು ನಕ್ಕೆ. ಅಮ್ಮ ನಗಲಿಲ್ಲ. ಒಲೆ ಆರಿಸಿ ನೆಲದ ಮೇಲೆ ಕುಳಿತಳು. ಸ್ನಾನ ಮಾಡದೆ ನನ್ನನ್ನೂ ಒಳಗೆ ಬಿಡದ ಅಡುಗೆಮನೆ ಅದು.

"ಎಲೆ ಯಾವುದು ಮಾಂಸ ಯಾವುದು ಗೊತ್ತಾಗೂದಿಲ್ಲ ಇವರಿಗೆ," ಅಂದಳು ಕೊನೆಗೆ. "ಗೊತ್ತಿರೂದು ಇಣುಕಿ ನೋಡ್ಲಿಕ್ಕೆ ಮಾತ್ರ."

ಮುಂದಿನ ವಾರ ತಾರಸಿಯ ಮೇಲೆ ಸಭೆ ಕರೆದರು. ವಿಷಯ ಒಂದೇ, ಬಾಯಮ್ಮ. ಅವರ ಮನೆಯ ಮಾಲೀಕರು ಬೇರೆ ಊರಿನಲ್ಲಿದ್ದರು. ಸಂಘ ಬೇಡ ಅಂದರೆ ಬಾಡಿಗೆ ಮುಂದುವರಿಸುವುದಿಲ್ಲ ಎಂದು ಆಗಲೇ ಹೇಳಿಬಿಟ್ಟಿದ್ದರು. ಅಪ್ಪ ಹೋಟೆಲಿಗೆ ಹೋಗುವ ಮೊದಲು ಅಮ್ಮನಿಗೆ, ಮನೆ ಧಣಿಗಳದ್ದು, ಸುಮ್ಮನೆ ಕೂತು ಬಾ ಎಂದು ಹೇಳಿ ಹೋಗಿದ್ದರು.

ಕಾರ್ಯದರ್ಶಿ ಒರಟಾಗಿ ಏನೂ ಮಾತಾಡಲಿಲ್ಲ. ಅದನ್ನು ನಾನು ಒಪ್ಪಬೇಕು. ಅವರು ಒಂದು ದಾರಿಯನ್ನೇ ತೋರಿಸಿದರು. ಡಬ್ಬಿಯ ಮಾಂಸ ಬೆಂದದ್ದೇ ತಾನೇ, ಒಲೆಯ ಅಗತ್ಯವೇ ಇಲ್ಲ. ತೆರೆದು ಹಾಗೆಯೇ ತಣ್ಣಗೆ ತಿನ್ನಲಿ. ವಾಸನೆ ಬರುವುದಿಲ್ಲ, ಯಾರಿಗೂ ತೊಂದರೆಯಿಲ್ಲ, ಎಷ್ಟು ವರ್ಷ ಬೇಕಾದರೂ ಇರಲಿ. ಸುತ್ತ ಕುಳಿತವರೆಲ್ಲ ತಲೆಯಾಡಿಸಿದರು. ಉದಾರವಾದ ಮಾತು ಎಂದು ನನಗೂ ಒಂದು ಕ್ಷಣ ಅನ್ನಿಸಿತು. ಆಮೇಲೆ ಅವರು ಅಮ್ಮನ ಕಡೆ ತಿರುಗಿ, ಕೆಳಗಿನ ಮನೆಯವರು ನೀವು, ಶುದ್ಧದವರು, ನಿಮಗೆ ಎಷ್ಟು ಕಷ್ಟವಾಗುತ್ತದೆ ಎಂದು ನೀವೇ ಹೇಳಿ ಎಂದರು.

ಅಮ್ಮ ನನ್ನನ್ನು ನೋಡಿ, ನಾನು ಹೇಳುವುದನ್ನು ಸರಿಯಾಗಿ ತಮಿಳಿನಲ್ಲಿ ಹೇಳು ಎಂದಳು.

"ಆ ವಾಸನೆ ನನಗೆ ಆಗೂದಿಲ್ಲ," ಅಂದಳು. "ಅದಕ್ಕೆ ನನ್ನ ಕಿಟಕಿ ಉಂಟು, ನಾನು ಹಾಕ್ಕೊಳ್ತೇನೆ. ಅವರ ಒಲೆ ಆರಿಸ್ಲಿಕ್ಕೆ ನಾನು ಯಾರು?"

ಹತ್ತು ಜನರ ಎದುರು ಮಾತಾಡಿ ನನಗೆ ಅಭ್ಯಾಸವಿರಲಿಲ್ಲ, ಈಗಲೂ ಇಲ್ಲ. ಆದರೆ ಅವತ್ತು ಎದ್ದು ನಿಂತು ಒಂದು ಪದವನ್ನೂ ಮೆತ್ತಗೆ ಮಾಡದೆ ಹೇಳಿದೆ.

ಬಾಯಮ್ಮನ ಸರದಿ ಬಂದಾಗ ಅವರು ಕುರ್ಚಿಯಿಂದ ಏಳಲೂ ಇಲ್ಲ. ಚೆನ್ನಾದ ತಮಿಳಿನಲ್ಲಿ, ತರಗತಿಗೆ ಪಾಠ ಹೇಳುವ ಹಾಗೆ ಹೇಳಿದರು. ನನ್ನ ನೆನಪಿನಲ್ಲಿ ಮಾತ್ರ ಅದು ಅವರ ಮಂಗಳೂರು ಕನ್ನಡದಲ್ಲೇ ಇದೆ:

"ಸಮುದ್ರದಲ್ಲಿ ಬಿರುಗಾಳಿ ಬಂದಾಗ ಹಡಗಿನ ಒಲೆ ಆರಿಸ್ತಾರೆ. ಆವಾಗ ಡಬ್ಬಿ ಒಡೆದು ಹಾಗೇ ತಣ್ಣಗೆ ತಿನ್ನೂದು. ನಮ್ಮವರು ಎಷ್ಟೋ ಸಲ ಹಾಗೆ ತಿಂದಿದ್ರು. ಮನೆಗೆ ಬಂದ್ರೆ ಹೇಳ್ತಿದ್ರು, ಇಲ್ಲಿ ಬಿರುಗಾಳಿ ಇಲ್ಲ, ಗರಿಗರಿ ಕಾಯಿಸಿ ಕೊಡು ಅಂತ. ನನ್ನ ಮನೆಯಲ್ಲಿ ಇವತ್ತಿಗೂ ಬಿರುಗಾಳಿ ಇಲ್ಲ. ನಾನು ತಣ್ಣಗೆ ತಿನ್ನೂದಿಲ್ಲ."

ಒಬ್ಬರು ಕೆಮ್ಮಿದರು. ಸಭೆ ಮುಗಿಯಿತು.

ಬಾಯಮ್ಮ ಗೆದ್ದರು ಎಂದು ಬರೆಯುವ ಆಸೆ ನನಗಿದೆ. ಆದರೆ ಅವರ ಮನೆಯ ಬಾಡಿಗೆ ಮುಂದುವರಿಯಲಿಲ್ಲ. ಹೊರಡುವವರೆಗೂ, ತಣ್ಣಗೆ ತಿನ್ನುತ್ತೇನೆ ಎಂಬ ಒಂದು ಮಾತು ಸಾಕಿತ್ತು. ಕಾರ್ಯದರ್ಶಿ ಮೆಟ್ಟಿಲಲ್ಲಿ ಸಿಕ್ಕಿದಾಗಲೆಲ್ಲ ಆ ಮಾತಿಗಾಗಿ ಕಾಯುವವರಂತೆ ನಿಲ್ಲುತ್ತಿದ್ದರು. ಬಾಯಮ್ಮ ನಮಸ್ಕಾರ ಹೇಳಿ ಮೇಲೆ ಹೋಗುತ್ತಿದ್ದರು. ಕೊನೆಯ ಭಾನುವಾರ ಕಿಟಕಿಯ ಜೊತೆಗೆ ಮುಂಬಾಗಿಲನ್ನೂ ತೆರೆದಿಟ್ಟರು. ವಾಸನೆ ಮೆಟ್ಟಿಲಿಳಿದು ಮೋಟರಿನ ಸ್ವಿಚ್‌ವರೆಗೆ ಹೋಯಿತು. ಅಮ್ಮ ಅವತ್ತೂ ಇಡ್ಲಿ ಕಳುಹಿಸಿದಳು, ಡಬರಿಗೆ ಮುಚ್ಚಳವನ್ನೂ ಹಾಕದೆ. ಅದು ಹಿಂದೆ ಬಂದಾಗ ಒಳಗೆ ಜುಟ್ಟಿರುವ ಒಂದು ತೆಂಗಿನಕಾಯಿ ಇತ್ತು. ಅಮ್ಮ ಈ ಸಲ ನೀರು ಚಿಮುಕಿಸಲಿಲ್ಲ. ಹಾಗೆಯೇ ತೆಗೆದುಕೊಂಡು ಹೋಗಿ ದೇವರ ಮುಂದೆ ಇಟ್ಟಳು.

ಅಪ್ಪ ಸಭೆಯ ಸುದ್ದಿ ಕೇಳಿ ಕೆಲವು ದಿನ ಅಮ್ಮನ ಜೊತೆ ಮಾತಾಡಿರಲಿಲ್ಲ. ಧಣಿಗಳ ಕಿವಿಗೆ ಬಿದ್ದೀತು ಎಂಬ ಹೆದರಿಕೆ. ಬಿತ್ತೋ ಇಲ್ಲವೋ, ಅವರು ಏನೂ ಕೇಳಲಿಲ್ಲ. ಬಾಯಮ್ಮ ಮನೆ ಬಿಟ್ಟು ಹೋದ ವಾರ ಅಪ್ಪ ಮಾತಿಲ್ಲದೆ ಒಂದು ಕಟ್ಟು ಕೆಸುವಿನೆಲೆ ತಂದು ಅಡುಗೆಮನೆಯ ಹೊಸ್ತಿಲಲ್ಲಿ ಇಟ್ಟರು. ಅಮ್ಮ ಗಾಳಿಗಂಡಿಯ ಕಿಟಕಿ ಪೂರ್ತಿ ತೆರೆದು ಪತ್ರೊಡೆ ಕಾಯಿಸಿದಳು. ಈ ಸಲ ಯಾರೂ ಬಾಗಿಲು ಬಡಿಯಲಿಲ್ಲ.

ಕಾಲೇಜಿನಲ್ಲಿದ್ದಾಗ ಕೆಲವು ಸಲ ನಾನು ಬಾಯಮ್ಮನನ್ನು ನೋಡಲು ಕಾಸಿಮೇಡಿಗೆ ಹೋಗಿದ್ದೆ. ತಂಗಿಯ ಮನೆಯ ಹಿಂದಿನ ಒಂದು ಕೋಣೆ. ಬಂದರಿನಿಂದ ಮೀನಿನ ಗಾಳಿ ಸದಾ ಬೀಸುತ್ತಿತ್ತು. ಇಲ್ಲಿ ಕಿಟಕಿ ತೆಗೆದರೆ ಊರಿನ ವಾಸನೆಯೆಲ್ಲ ಒಳಗೆ ನುಗ್ಗುತ್ತದೆ, ನನ್ನದು ಹೊರಗೆ ಹೋಗಲಿಕ್ಕೆ ಜಾಗವೇ ಇಲ್ಲ ಎಂದು ನಕ್ಕಿದ್ದರು. ಡಬ್ಬಿಗಳು ಕಡಿಮೆಯಾಗಿದ್ದವು, ಗಂಡನ ಜೊತೆಯವರೂ ಒಬ್ಬೊಬ್ಬರಾಗಿ ಹಡಗು ಬಿಟ್ಟಿದ್ದರು. ಒಮ್ಮೆ ಮಾತ್ರ, ಏನೋ ಹೊಲಿಯುತ್ತ, ತಲೆಯೆತ್ತದೆ, "ನಮ್ಮವರು ಕೂತು ತಿನ್ನುತ್ತಿದ್ದ ಜಾಗ ಅಲ್ಲಿತ್ತು, ಆ ಕಿಟಕಿ ಹತ್ರ..." ಎಂದು ಅರ್ಧಕ್ಕೆ ನಿಲ್ಲಿಸಿದರು. ಅವರು ಬಿಟ್ಟುಕೊಟ್ಟದ್ದು ಏನನ್ನು ಎಂದು ನನಗೆ ತಿಳಿದದ್ದು ಅವತ್ತು. ತಪ್ಪು ಮಾಡಿದೆ ಎಂದು ಅವರು ಹೇಳಲಿಲ್ಲ. ನನಗೂ ಹಾಗೆ ಅನ್ನಿಸಲಿಲ್ಲ, ಈಗಲೂ ಅನ್ನಿಸುವುದಿಲ್ಲ.

ಹೋದ ವರ್ಷ ಅವರು ತೀರಿಕೊಂಡರು. ಸಮಾಧಿಗೆ ಕಲ್ಲು ಹಾಕಿದ ದಿನ ನಾನು ಹೋಗಿದ್ದೆ. ತಂಗಿ ಹಳೆಯ ಪೇಪರಿನಲ್ಲಿ ಸುತ್ತಿದ ಕಾವಲಿಯನ್ನು ನನ್ನ ಕೈಗೆ ಕೊಟ್ಟು, ಇದು ಆ ಹುಡುಗಿಗೆ ಎಂದು ಅಕ್ಕ ಹೇಳಿದ್ದಳು, ಸ್ಟೂಲಿನ ಮೇಲೆ ಕೂರುತ್ತಿದ್ದವಳಿಗೆ ಎಂದರು. ಬಾಯಮ್ಮನ ಕೈಯಿಂದ ನಾನು ಒಂದು ಹೋಳೂ ತಿನ್ನಲಿಲ್ಲ. ನಾನು ತಿನ್ನಲು ಶುರು ಮಾಡುವ ಹೊತ್ತಿಗೆ ಅವರು ಇರಲಿಲ್ಲ.

ಇಂದಿನ ಡಬ್ಬಿಗೆ ಕೀಲಿ ಇಲ್ಲ, ಉಂಗುರ ಹಿಡಿದು ಎಳೆದರೆ ಮುಚ್ಚಳ ಬರುತ್ತದೆ. ಆಫೀಸಿನ ಗೆಳತಿ, ಕಾಯಿಸುವ ರಗಳೆ ಯಾಕೆ, ಬ್ರೆಡ್ಡಿನ ನಡುವೆ ಹಾಗೆಯೇ ಇಟ್ಟು ತಿನ್ನು, ಮನೆ ಕಳೆದುಕೊಳ್ಳಬೇಡ ಎಂದಿದ್ದಳು. ಒಳ್ಳೆಯ ಮನಸ್ಸಿನಿಂದಲೇ. ನಾನು ಹೋಳುಗಳನ್ನು ಒರೆಸಿ, ಫ್ಯಾನಿನ ಕೆಳಗೆ ಒಣಗಿಸಿ, ಕಾವಲಿ ಕಾಯಲು ಇಟ್ಟು, ಅಡುಗೆಮನೆಯ ಕಿಟಕಿ ತೆರೆದೆ.

ಹೋಳುಗಳು ಇನ್ನೂ ಕಾವಲಿಯ ಮೇಲಿರುವಾಗ ಮಾಲೀಕರ ಫೋನ್ ಬಂತು. ಪಕ್ಕದವರು ಹೇಳುತ್ತಿದ್ದಾರಂತೆ, ಏನೋ ಮಾಂಸದ ವಾಸನೆ ಎಂದು. ನಿಮ್ಮ ಮನೆಯದ್ದ‌ಲ್ಲ ಎಂದು ಅವರಿಗೆ ನಾನೇ ಹೇಳಿಬಿಟ್ಟೆ, ನಿಮ್ಮ ಕುಟುಂಬ ನನಗೆ ಗೊತ್ತಲ್ಲ ಎಂದರು ಮಾಲೀಕರು. ಈ ಸಲವೂ ಉತ್ತರವನ್ನು ಅವರೇ ಕೊಟ್ಟುಕೊಂಡಿದ್ದರು. ನಾನು ಸುಮ್ಮನಿದ್ದರೆ ಸಾಕಿತ್ತು.

"ನಮ್ಮ ಮನೆಯದ್ದೇ ಸಾರ್," ಅಂದೆ. "ಭಾನುವಾರ ಮಾಡ್ತೇನೆ. ಮುಂದೆಯೂ ಮಾಡ್ತೇನೆ."

ಹಾಗಾದರೆ ತಿಂಗಳ ಕೊನೆಗೆ ಬಂದು ಮಾತಾಡುತ್ತೇನೆ ಎಂದರು. ಬನ್ನಿ ಎಂದೆ. ಮಾತಿನ ಕೊನೆ ಏನಾಗುತ್ತದೆ ಎಂದು ನನಗೆ ಸುಮಾರಾಗಿ ಗೊತ್ತಿದೆ.

ಒಲೆಯ ಹತ್ತಿರ ಓಡಿ ಬಂದೆ, ಸೀದುಹೋಯಿತೆಂದು. ಸಟ್ಟುಗ ತಾಗಿಸಿದ ಕೂಡಲೇ ಮೊದಲ ಹೋಳು ಜಾರಿತು; ತಾನಾಗಿಯೇ ಕಾವಲಿ ಬಿಟ್ಟಿತ್ತು. ಬೆಳಿಗ್ಗೆ ಮಾಡಿದ ಇಡ್ಲಿ ತಟ್ಟೆಗೆ ಹಾಕಿಕೊಂಡೆ. ನಾಲ್ಕು ಇಡ್ಲಿ ಡಬರಿಯಲ್ಲಿ ಮಿಕ್ಕವು. ಕೊಟ್ಟು ಬರಲು ನನಗೆ ಮೇಲಿನ ಮನೆ ಇಲ್ಲ, ಇನ್ನು ಯಾವ ಪಾತ್ರೆಯಲ್ಲೂ ಮಲ್ಲಿಗೆ ಹಿಂದೆ ಬರುವುದಿಲ್ಲ. ಕಿಟಕಿಯ ಪಕ್ಕಕ್ಕೆ ಸ್ಟೂಲು ಎಳೆದುಕೊಂಡು ಕುಳಿತೆ. ನಿಜ ಹೇಳಬೇಕೆಂದರೆ ರುಚಿ ನನಗೆ ಅಷ್ಟೇನೂ ಹಿಡಿಸಲಿಲ್ಲ, ಉಪ್ಪು ಜಾಸ್ತಿ. ಆದರೂ ಒಂದೊಂದೇ ಹೋಳು, ಆರುವ ಮೊದಲೇ ತಿಂದೆ.